ಶೇಷಗಿರಿಯ ವಂದನಾರ್ಪಣೆ

ಶೇಷಗಿರಿ ಕಷ್ಟಕ್ಕೆ ಸಿಕ್ಕಿದ್ದು ತನ್ನ ಮಿನಿವ್ಯಾನಿನಿಂದ. ಸನ್ನಿವೇಲಿನ ಆ ಡಾಟ್‌ಕಾಂ ಕಂಪನಿಯಲ್ಲಿ ಉಳಿದವರದ್ದೆಲ್ಲ ಮಂಡಿ ಮಡಚಿ ಕೂರುವ ಪುಟ್ಟ ಕಾರುಗಳು. ಅತ್ತೆ ಮಾವನನ್ನು ಲಿವರ್‌ಮೋರ್ ದೇವಸ್ಥಾನಕ್ಕೆ ಕರೆದೊಯ್ಯಲೆಂದು ಇವನೊಬ್ಬನೇ ದೊಡ್ಡದು ಕೊಂಡಿದ್ದ. ಅಂದು ಬರುವ ಅತಿಥಿಯೋ, ತಾಮ್ರದ ಗಣಿಗಳಿದ್ದ ಒಂದು ಆಫ್ರಿಕನ್ ದೇಶದ ಕಾರ್ಮಿಕ ಮಂತ್ರಿ ಮುಲೆಂಗಾ. ಆಸಾಮಿ ಬಾಗಿಲು ತುಂಬುವಷ್ಟು ದೊಡ್ಡವನು.

"ನೀನೇ ಕರೆದುಕೊಂಡು ಬಾ," ಎಂದ ಮಾಲೀಕ ಬ್ರೂಸ್. "ಅವರ ಸರ್ಕಾರ ನಮ್ಮ ಸಾಫ್ಟ್‌ವೇರು ಕೊಂಡರೆ ಕಂಪನಿ ಉಳಿಯುತ್ತೆ. ಆದರೆ ಆತ ಮೊದಲು ಯೂನಿಯನ್ ಲೀಡರು. ನಮ್ಮವರ ಹತ್ತಿರ ಹೆಚ್ಚು ಮಾತಾಡಲು ಬಿಡಬೇಡ."

ಶೇಷಗಿರಿಗೂ ಬೇಕಾಗಿದ್ದು ಒಂದೇ, ಇದ್ದ ಕುರ್ಚಿಯಲ್ಲಿ ಅಲ್ಲಾಡದೆ ಕೂತಿರುವುದು. ಅವನು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಳಾಗಿದ್ದವು. ಪ್ರೋಗ್ರಾಮರ್ ಎಂದು ಅರ್ಜಿ ಹಾಕಿದವನು ಕಾರ್ಡು ಕೈಗೆ ಬರುವ ತನಕ ಪ್ರೋಗ್ರಾಮರ್ ಆಗಿಯೇ ಇರಬೇಕು. ಕೆಲಸ ಹೋದರೂ ಮೊದಲಿಂದ, ಹುದ್ದೆ ಬದಲಾದರೂ ಮೊದಲಿಂದ. ಅವನ ಅಪಾರ್ಟ್‌ಮೆಂಟಿನ ಜನ ಎದುರಾದಾಗ "ಊಟ ಆಯ್ತಾ" ಎನ್ನುವ ಬದಲು "ಎಲ್ಲಿಗೆ ಬಂತು" ಎಂದು ಕೇಳುತ್ತಿದ್ದರು. ಶೇಷಗಿರಿಯದು ಕೊನೆಯ ಮೆಟ್ಟಿಲಿಗೆ ಬಂದಿತ್ತು. ತುಂಬು ಬಸುರಿಯನ್ನು ಗಾಡಿಯಲ್ಲಿ ಕೂರಿಸಿಕೊಂಡವನ ಹಾಗೆ ಅವನು ಹಳ್ಳ ದಿಣ್ಣೆ ನೋಡಿ ನೋಡಿ ದಿನ ದೂಡುತ್ತಿದ್ದ.

ಫ್ರೀವೇಯಲ್ಲಿ ಕಾರುಗಳು ಇರುವೆ ಸಾಲಿನಂತೆ ತೆವಳುತ್ತಿದ್ದವು. ಮುಲೆಂಗಾ ತನ್ನ ಕತೆ ತೆಗೆದ.

"ಮೀಸೆ ಮೂಡುವ ಮೊದಲೇ ಗಣಿಗೆ ಇಳಿದವನು ನಾನು. ಎಲ್ಲರಿಗೂ ಬೂಟು ಕೊಡಿ ಅಂತ ಕೇಳಿದ್ದಕ್ಕೆ ಲೀಡರ್ ಮಾಡಿಬಿಟ್ಟರು. ಸ್ಟ್ರೈಕ್ ಮಾಡಿಸಿದೆ, ಜೈಲಿಗೆ ಹೋದೆ. ಬಿಡುಗಡೆಯಾದ ದಿನ ಜನ ಹೆಗಲ ಮೇಲೆ ಹೊತ್ತರು."

"ಆಮೇಲೆ?"

"ಆಮೇಲೆ ಮಂತ್ರಿಯಾದೆ," ಎಂದ ಮುಲೆಂಗಾ, ಜ್ವರ ಬಂತು ಎನ್ನುವವನ ದನಿಯಲ್ಲಿ.

ಆಫೀಸಿನಲ್ಲಿ ಸುದ್ದಿ ಆಗಲೇ ಹಬ್ಬಿತ್ತು. ಪಕ್ಕದ ಮೇಜಿನ ವಾಣಿಶ್ರೀ ಕಾದು ನಿಂತಿದ್ದಳು.

"ಶೇಷಣ್ಣ, ಶನಿವಾರವೂ ದುಡಿಯೋ ನಮ್ಮ ಗೋಳು ಮಂತ್ರಿಗಳಿಗೆ ಹೇಳಿದ್ರಾ?"

"ನಾನ್ಯಾಕಮ್ಮ ಹೇಳಲಿ?"

"ನಾವು ಹೇಳೋಕಾಗತ್ತಾ? ನಮ್ದೆಲ್ಲ ಕಾರ್ಡು ಪೆಂಡಿಂಗು."

"ನಂದೇನು ಮನೇಲಿ ಫ್ರೇಮ್ ಹಾಕ್ಸಿಟ್ಟಿದೀನಾ?"

ಊಟ ಮುಗಿದು, ಮಾತಿಗೆ ಆಸ್ಪದ ಸಿಗದೆ ಎಲ್ಲ ಸುಸೂತ್ರ ಎನ್ನುವಷ್ಟರಲ್ಲಿ, ಸಿಬ್ಬಂದಿಯ ಪರವಾಗಿ ಯಾರಾದರೂ ಅತಿಥಿಗೆ ಧನ್ಯವಾದ ಹೇಳಲಿ ಎಂದ ಬ್ರೂಸ್. ಮೈಸೂರಿನ ಮುನಾವರ್ ತಡಮಾಡಲಿಲ್ಲ. "ವೋಟ್ ಆಫ್ ಥ್ಯಾಂಕ್ಸು ಅಂದ್ರೆ ಶೇಷಣ್ಣಾನೇ. ಕನ್ನಡ ಕೂಟದಲ್ಲಿ ಪ್ರತಿ ಸಲ ಇವರದೇ."

ವಂದನೆ ಹೇಳುವುದರಲ್ಲಿ ಯಾವ ಅಪಾಯವಿದೆ ಎಂದುಕೊಂಡ ಶೇಷಗಿರಿ. ಕನ್ನಡ ಕೂಟದ ವಂದನಾರ್ಪಣೆಗೆ ಒಂದೇ ನಿಯಮ, ಒಬ್ಬರನ್ನೂ ಬಿಡಬಾರದು. ಒಂದು ಹೆಸರು ಬಿಟ್ಟರೆ ಆ ಮನೆಯವರು ಮುಂದಿನ ಯುಗಾದಿಗೆ ಬರುವುದಿಲ್ಲ. ಇವನು ಎದ್ದು ನಿಂತು ಕೈ ಮುಗಿದು, ಅದೇ ಅಭ್ಯಾಸದಲ್ಲಿ ಶುರುಮಾಡಿದ. ಮಂತ್ರಿಗಳಿಗೆ ವಂದನೆ. ಬ್ರೂಸ್ ಅವರಿಗೆ ವಂದನೆ. ಶನಿವಾರ ಭಾನುವಾರವೆನ್ನದೆ ಬರುತ್ತಿರುವ ಎಲ್ಲರಿಗೂ, ಅವರ ಮುಖವನ್ನೇ ಮರೆತಿರುವ ಮಕ್ಕಳಿಗೂ ವಂದನೆ. ಹಬ್ಬದ ದಿನ ಬಿರಿಯಾನಿ ಬಿಟ್ಟು ಓಡಿಬಂದ ಮುನಾವರ್‌ಗೆ, ಮಗುವಿಗೆ ಜ್ವರವಿದ್ದರೂ ಡೇಕೇರಿನಲ್ಲಿ ಬಿಟ್ಟುಬಂದ ವಾಣಿಶ್ರೀಗೆ, ಮೇಜಿನ ಕೆಳಗೆ ಮಲಗುವವರಿಗೆ ತನ್ನ ಮನೆಯಿಂದ ದಿಂಬು ತಂದುಕೊಟ್ಟ ಕಾವಲುಗಾರನಿಗೆ ವಂದನೆ.

ಬ್ರೂಸ್‌ನ ಮುಖ ಸೀದ ಹಾಲಿನ ಪಾತ್ರೆಯಂತಾಗಿತ್ತು. ಯಾರನ್ನೋ ಬಿಟ್ಟೆನೆಂದು ಗಾಬರಿಯಾದ ಶೇಷಗಿರಿ, "ಕೊನೆಯದಾಗಿ, ಸಂಬಳ ಏರದಿದ್ದರೂ ಯಾಕೆಂದು ಕೇಳದ ಎಲ್ಲರ ತಾಳ್ಮೆಗೆ," ಎಂದು ಸೇರಿಸಿ ಕೂತ.

ಮುಲೆಂಗಾ ಎದ್ದು ನಿಂತ. ಅವನ ಕಣ್ಣು ಒದ್ದೆಯಾಗಿತ್ತು. "ನನ್ನ ಕಾಲದಲ್ಲಿ ನೂರಾರು ಸ್ಟ್ರೈಕ್ ಭಾಷಣ ಕೇಳಿದ್ದೇನೆ. ಒಂದೂ ಬೈಗುಳವಿಲ್ಲದೆ ಹೀಗೆ ಚರ್ಮ ಸುಲಿದದ್ದನ್ನು ಕೇಳಿರಲಿಲ್ಲ," ಎಂದು ಮುಷ್ಟಿ ಎತ್ತಿದ. ಕೋಣೆಯ ತುಂಬ ಮುಷ್ಟಿಗಳೆದ್ದವು. "ಈ ಶನಿವಾರ ನಾವು ಬರಲ್ಲ," ಎಂದಳು ವಾಣಿಶ್ರೀ, ಯಾರದೋ ಬೆನ್ನ ಹಿಂದಿನಿಂದ.

ಬ್ರೂಸ್ ಮಂತ್ರಿಯನ್ನು ತನ್ನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡ.

"ಧೈರ್ಯವಾಗಿರಿ ಶೇಷಣ್ಣ, ನಿಮ್ಮ ಹಿಂದೆ ನಾವಿದೀವಿ," ಎಂದ ಮುನಾವರ್.

"ಹಿಂದೆ ಯಾಕಪ್ಪ, ಪಕ್ಕಕ್ಕೆ ಬಾ."

"ಪಕ್ಕ ಆಗಲ್ಲ. ಪೆಂಡಿಂಗು."

ಒಳಗಿನಿಂದ ಶೇಷಗಿರಿಗೆ ಕರೆ ಬಂತು. ಕ್ಷಮಾಪಣೆಯನ್ನು ಬಾಯಿಪಾಠ ಮಾಡಿಕೊಂಡು ಒಳಗೆ ಹೋದವನ ಕೈ ಹಿಡಿದು ಬ್ರೂಸ್ ಕುಲುಕಿದ. "ಅಭಿನಂದನೆ. ಇವತ್ತಿನಿಂದ ನೀನು ಮ್ಯಾನೇಜರು. ಎಲ್ಲರಿಗೂ ಇಮೇಲ್ ಹೋಗಿದೆ, ವೀಸಾ ನೋಡಿಕೊಳ್ಳುವ ನಮ್ಮ ಲಾಯರಿಗೂ. ಶನಿವಾರದ ಹಾಜರಿ ಇನ್ನು ನಿನ್ನ ಜವಾಬ್ದಾರಿ."

"ನನಗೆ ಬೇಡ. ದಯವಿಟ್ಟು. ನನ್ನ ಗ್ರೀನ್ ಕಾರ್ಡು..."

"ಎಷ್ಟು ವಿನಯ," ಎಂದ ಬ್ರೂಸ್ ಮಂತ್ರಿಯ ಕಡೆ ತಿರುಗಿ.

ಹೊರಗೆ ಬಂದರೆ ಎಲ್ಲರೂ ಕಂಪ್ಯೂಟರಿನೊಳಗೆ ಮುಖ ಹುದುಗಿಸಿದ್ದರು. ವಾಣಿಶ್ರೀ ಮಾತ್ರ ಎದ್ದು ನಿಂತಳು. "ಸರ್, ಶನಿವಾರ ಎಷ್ಟೊತ್ತಿಗೆ ಬರ್ಬೇಕು?"

ಹೋಟೆಲಿಗೆ ವಾಪಸು ಹೋಗುವಾಗ ಮುಲೆಂಗಾ ಹೇಳಿದ, "ಬ್ರೂಸ್ ನಿನ್ನನ್ನು ಇವತ್ತೇ ಓಡಿಸುತ್ತಿದ್ದ. ನಾನು ತಡೆದೆ. ಲೀಡರನ್ನು ಓಡಿಸಿದರೆ ಇನ್ನೊಬ್ಬ ಹುಟ್ಟುತ್ತಾನೆ, ಕುರ್ಚಿ ಕೊಡು, ಗಲಾಟೆ ಅಲ್ಲಿಗೇ ಮುಗಿಯುತ್ತೆ ಅಂದೆ. ನಮ್ಮ ದೊಡ್ಡ ಸ್ಟ್ರೈಕಿನ ಮಧ್ಯೆ ಅಧ್ಯಕ್ಷರು ನನ್ನನ್ನು ಮಂತ್ರಿ ಮಾಡಿದ್ದೂ ಅದಕ್ಕೇ. ಮಾರನೇ ದಿನ ಗಣಿ ಶುರುವಾಯಿತು. ಈಗ ಸ್ಟ್ರೈಕ್ ನಿಲ್ಲಿಸುವ ಆದೇಶಕ್ಕೆ ಸಹಿ ಹಾಕುವವನು ನಾನೇ."

"ಹೊತ್ತು ಮೆರೆಸಿದ ಜನ?"

"ಕಾರಿಗೆ ಕಲ್ಲು ಹೊಡೆಯುತ್ತಾರೆ. ಅಭ್ಯಾಸವಾಗುತ್ತೆ." ಅವನು ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ.

ಮನೆಯಲ್ಲಿ ಹೆಂಡತಿ ಸತ್ಯವತಿ ಬಾಗಿಲಲ್ಲೇ ನಿಂತಿದ್ದಳು. "ಭಾಷಣ ಮಾಡಿದ್ರಂತೆ. ಕೆಲಸ ಹೋಯ್ತಾ?"

"ಇಲ್ಲ."

ಅವಳ ಮುಖ ಅರಳಿತು.

"ಮ್ಯಾನೇಜರ್ ಮಾಡಿದ್ರು."

ಸತ್ಯವತಿ ಗೋಡೆ ಹಿಡಿದು ಮೆಲ್ಲಗೆ ಕೂತಳು. "ಮೊದಲಿಂದಾನಾ?"

ಅಷ್ಟರಲ್ಲಿ ಮೇಲಿನ ಮನೆಯ ರಮೇಶ ಹೆಂಡತಿಯೊಂದಿಗೆ ಚಪ್ಪಲಿ ಸದ್ದಾಗದಂತೆ ಬಿಚ್ಚಿಟ್ಟು ಒಳಬಂದ. ಅವನ ಕೈಯಲ್ಲಿ ಮುಚ್ಚಿದ ಪಾತ್ರೆಯಿತ್ತು.

"ಈಗಷ್ಟೇ ಗೊತ್ತಾಯ್ತು," ಎಂದ ತಗ್ಗಿದ ದನಿಯಲ್ಲಿ. "ನಿನ್ನೆ ತನಕ ಚೆನ್ನಾಗೇ ಇತ್ತಲ್ಲ. ಚಿತ್ರಾನ್ನ ತಂದಿದೀವಿ, ಇವತ್ತು ಒಲೆ ಹಚ್ಚೋಕೆ ಹೋಗ್ಬೇಡಿ."