ಗೋಡೆಗೆ ಬಂದ ಟವರ್

ಮುಲುಂಡಿನ ಗುಡ್ಡದ ಬುಡದಲ್ಲಿರುವ ಚಾಳಿನಲ್ಲಿ, ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದ ನೀಲಕಂಠಪ್ಪ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ. ಎರಡು ರಜೆ ಹಾಳುಮಾಡಿಕೊಂಡು ತಾನೇ ಸುಣ್ಣ ಹೊಡೆದ ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಮೊಳದುದ್ದ ‘ಟಿ-17’ ಎಂದು ಬರೆದು ಹೋಗಿದ್ದರು.

“ಕೇಳೂದಿಲ್ಲ, ಹೇಳೂದಿಲ್ಲ. ಮಂದಿ ಗೋಡಿ ಅಂದ್ರ ಇವರಪ್ಪ ಬರಿಯೂ ಪಾಟಿ ಏನು?” ಎಂದು ಕೂಗಾಡಿದ.

ಎದುರುಮನೆಯ ದರ್ಜಿ ಬಾಷಾ ಬಂದು ಕೈಕುಲುಕಿದ. “ಮುಬಾರಕ್ ಕಾಕಾ. ಬರ್ಯೋ ಮಂದೀನ ನಾನೇ ಕೇಳ್ದೆ. ಇಲ್ಲಿ ಟವರ್ ಬರ್ತದ ಅಂದ್ರು. ಟಿ ಅಂದ್ರ ಟವರ್, ಹದಿನೇಳು ಅಂದ್ರ ನಿಮ್ಮ ಮಜಲಾ, ಹದಿನೇಳನೇ ಮಹಡಿ.”

ಮುಂಬಯಿಯ ಚಾಳಿನವರಿಗೆ ಟವರ್ ಎಂದರೆ ಒಂದೇ ಅರ್ಥ. ಬಿಲ್ಡರ್ ಬರುತ್ತಾನೆ, ಚಾಳು ಕೆಡವುತ್ತಾನೆ, ಮುಗಿಲೆತ್ತರದ ಬಿಲ್ಡಿಂಗಿನಲ್ಲಿ ಒಳಗೇ ಸಂಡಾಸವಿರುವ ಫ್ಲಾಟು ಕೊಡುತ್ತಾನೆ. ಮೂವತ್ತೆರಡು ವರ್ಷ ಡಬ್ಬಿ ಹಿಡಿದು ಚಾಳಿನ ಸಂಡಾಸದ ಸಾಲಿನಲ್ಲಿ ನಿಂತ ನೀಲಕಂಠಪ್ಪನ ಸಿಟ್ಟು, ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಇಳಿಯಿತು.

“ಸಂಡಾಸದ ಬಾಗಲಾ ಅಡಗಿಮನಿ ಎದುರಿಗೆ ಬ್ಯಾಡ ಅಂತ ಈಗ ಹೇಳಿಬಿಡ್ರಿ” ಎಂದಳು ಹೆಂಡತಿ ನಾಗವ್ವ.

ಚಾಳಿಗೆ ಹೊಟ್ಟೆ ಉರಿಯಿತು. ಹತ್ತು ಗಂಟೆಯೊಳಗೆ ಎಲ್ಲ ಗೋಡೆಗಳಿಗೂ ಟಿ ಹತ್ತಿತು. ಬಾಷಾ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಟಿ-18 ಬರೆದ. ಪಕ್ಕದ ಮನೆಯ ಗುರುಬಾಯಿ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ನೀಲಕಂಠಪ್ಪನ ಗೋಡೆ ನೋಡಿ ನೋಡಿ ಟಿ-17 ಎಂದೇ ತಿದ್ದಿದಳು.

“ಅದು ನಮ್ಮ ನಂಬರ್” ಎಂದ ನೀಲಕಂಠಪ್ಪ.

“ನಂಬರಿನ ಮ್ಯಾಲ ನಿಮ್ಮ ಹೆಸರು ಕೆತ್ತ್ಯಾರೇನ್ರಿ ಅಣ್ಣಾರ?”

ಮಧ್ಯಾಹ್ನ ನಕ್ಷೆಯ ಸುರುಳಿ ಹಿಡಿದು ಇಂಜಿನಿಯರ್ ಚೇತನ ಬಂದ. ಬೆಳಗಾವಿ ಕಡೆಯ ಹುಡುಗ. ನೀಲಕಂಠಪ್ಪ ಅವನನ್ನು ಒಳಗೆ ಕರೆದು ಚಹಾ ಕೊಟ್ಟು, ತನ್ನ ಹದಿನೇಳನೆಯ ಮಜಲಾ ಯಾವ ದಿಕ್ಕಿಗೆ ಎಂದು ಕೇಳಿದ.

“ಮಜಲಾ ಅಲ್ರಿ ಕಾಕಾ, ಇದು ಕರೆಂಟಿನ ಟವರ್. ಈ ಕಡೆಗೆಲ್ಲಾ ಕರೆಂಟ್ ತರೋ ದೊಡ್ಡ ಲೈನ್ ಒಂದ ಐತಿ. ಅದು ಕೈಕೊಟ್ರ ಊರಿಗೆ ಊರ ಕತ್ತಲಿ. ಅದಕ್ಕ ಇನ್ನೊಂದು ಲೈನ್ ಎಳಿಯಾಕತ್ತೀವಿ. ಹದಿನೇಳನೇ ಕಂಬ ನಿಮ್ಮ ಮನಿ ಜಾಗಾದಾಗ ಬರ್ತದ.”

“ಗೆರಿ ಎಳಿಯೂ ಮುಂದ ಮನಿ ಕಾಣಲಿಲ್ಲೇನು?”

“ನಕ್ಷೆದಾಗ ಇದು ಖಾಲಿ ಜಾಗಾ ಅಂತ ಐತ್ರಿ.”

ನೀಲಕಂಠಪ್ಪ ಜಿಗಿದೆದ್ದ. “ಖಾಲಿ ಜಾಗಾ? ಹಂಗಾರ ನೀ ಚಹಾ ಕುಡ್ಯಾಕತ್ತಿದ್ದು ಗಾಳಿಯೊಳಗೇನು? ನನ್ನ ಮಕ್ಕಳು ಹುಟ್ಟಿದ್ದು ಗಾಳಿಯೊಳಗೇನು?”

“ಪೂರಾ ಕೇಳ್ರಿ ಕಾಕಾ, ಅದಕ್ಕ ನಿಮಗ—”

“ಏನೂ ಕೇಳೂದಿಲ್ಲ. ಎಲ್ಲಿ ಸಹಿ ಮಾಡ್ಲಿ ಹೇಳು. ಈ ಟವರಿಗೂ ನನಗೂ ಸಂಬಂಧಿಲ್ಲ.”

“ಹತ್ತು ಫೂಟು ಅತ್ಲಾಗ ಸರಿಸಬಹುದು. ಆದ್ರ ಬಾಜೂದವರು ಒಪ್ಪಬೇಕು.”

ನೀಲಕಂಠಪ್ಪ ಸಿಟ್ಟಿನಲ್ಲೂ ಧರ್ಮ ಬಿಡುವವನಲ್ಲ. ಹೊರಗೆ ನಿಂತು, “ಇದು ಫ್ಲಾಟಿನ ಟವರಲ್ಲ, ಕರೆಂಟಿನ ಕಂಬ. ಯಾರೂ ಒಪ್ಪಬ್ಯಾಡ್ರಿ” ಎಂದು ಗಂಟಲು ಹರಿಯುವಂತೆ ಸಾರಿದ.

“ನೋಡ್ರಿ, ತಾನೊಬ್ಬನ ಫ್ಲಾಟ್ ನುಂಗಾಕ ಎಂಥಾ ಕತಿ ಕಟ್ಟಿದ” ಎಂದಳು ಗುರುಬಾಯಿ. ಬಾಷಾ ಬಾಯಿಗೆ ಕೈಯಿಟ್ಟು ನಕ್ಕ. ಗುರುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಂಜಿನಿಯರ್ ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿದಳು.

“ಹಾಳಾಗಿ ಹೋಗ್ರಿ” ಎಂದ ನೀಲಕಂಠಪ್ಪ, ಸಂಬಂಧವಿಲ್ಲವೆಂದು ಬರೆದುಕೊಟ್ಟು ಸಹಿ ಹಾಕಿದ. ಆಮೇಲೆ ತಂತಿ ಬ್ರಷ್ಷಿನಿಂದ ಗೋಡೆ ಉಜ್ಜತೊಡಗಿದ. ಬಣ್ಣದ ಜೊತೆ ಗಿಲಾವೂ ಉದುರಿತು.

ಚೇತನ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡ. “ಕಂಬಕ್ಕ ಮನಿ ಬಿಟ್ಟವರಿಗೆ ಸ್ಟೇಷನ್ ಹತ್ರ ಹೊಸಾ ಟವರಿನಾಗ ಫ್ಲಾಟ್ ಇಟ್ಟಾರ. ಬರೂ ತಿಂಗಳ ಕೀಲಿಕೈ ಕೊಡ್ತಾರ್ರೀ ಗುರುಬಾಯಾರ.”

ನೀಲಕಂಠಪ್ಪನ ಬ್ರಷ್ಷು ಗೋಡೆಯ ಮೇಲೆಯೇ ನಿಂತಿತು. “ಇದನ್ನ ಮೊದಲ ಹೇಳಾಕ ಏನಾಗಿತ್ತು?”

“ನೀವು ಎಲ್ಲಿ ಬಿಟ್ಟ್ರಿ ಕಾಕಾ?”

“ಮತ್ತ ನಮಗ?”

“ನಿಮಗೇನೂ ತ್ರಾಸಿಲ್ಲ. ತಂತಿ ಅಷ್ಟ ನಿಮ್ಮ ಮನಿ ತಗಡಿನ ಮ್ಯಾಲ ಹಾದು ಹೋಗ್ತಾವ.”

ನಾಗವ್ವ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಗುರುಬಾಯಿ ಮಾತ್ರ ಹತ್ತಿರ ಬಂದು, ನಿಜಕ್ಕೂ ನೊಂದವಳಂತೆ ಹೇಳಿದಳು:

“ನೀವು ಖರೇನ ಹೇಳಿದ್ರಿ ನೋಡ್ರಿ ಅಣ್ಣಾರ. ಅದಕ್ಕ ನಾವು ನಂಬಲಿಲ್ಲ.”