ಅದನ್ನು ಮಿನೋರು ಎಂದು ಓದಿಕೊಳ್ಳಬೇಕಾಗಿ ವಿನಂತಿ

ಮಾನ್ಯ ನಿರ್ಮಾಪಕ ಮಹಾಶಯರೇ,

ಮಳೆಗಾಲ ಮುಗಿದು ಜೀರುಂಡೆಗಳು ಕಿವಿ ಕೊರೆಯುತ್ತಿರುವ ಈ ಸೆಕೆಯಲ್ಲಿ ತಾವೂ ತಮ್ಮ ಕ್ಯಾಮೆರಾಗಳೂ ಕ್ಷೇಮವೆಂದು ನಂಬಿ, ಅಮಾಕುಸ ದ್ವೀಪದ ತೊಂಬತ್ತೊಂದರ ಮುದುಕಿ ಇಕುಯೊ ಮಾಡುವ ನಮಸ್ಕಾರಗಳು. ಯುದ್ಧದ ಕೊನೆಯ ವರ್ಷ ಬಾಂಬು ಕಟ್ಟಿದ ವಿಮಾನದಲ್ಲಿ ಹೋಗಿ ಸತ್ತ ನನ್ನ ಅಣ್ಣನ ಮೇಲೆ ತಾವು ತೆಗೆದ ಭವ್ಯ ಚಿತ್ರವನ್ನು ನೋಡಿ ಧನ್ಯಳಾದೆ. ನಾವು ಸೋತ ಯುದ್ಧ ಅದು; ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗದಂತೆ ತಾವು ನೋಡಿಕೊಂಡಿದ್ದೀರಿ. ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಫುಜಿಯೆ ಮೂಗು ಒರೆಸುತ್ತ, "ಇಕುಯೊ, ನಿಮ್ಮಣ್ಣ ಇಷ್ಟು ಚೆನ್ನಾಗಿದ್ನೇನೇ? ಒಂದಿನಾನೂ ಹೇಳ್ಲಿಲ್ವಲ್ಲೇ!" ಎಂದಳು. ನನಗೂ ಗೊತ್ತಿರಲಿಲ್ಲ.

ಅವನು ಹೊರಟದ್ದು ಜೂನ್ ತಿಂಗಳ ಜಡಿಮಳೆಯಲ್ಲಿ. ಆ ಮಳೆಯಲ್ಲೂ, ಏಪ್ರಿಲ್‌ಗೇ ಮುಗಿದುಹೋಗುವ ಚೆರ್ರಿ ಹೂವನ್ನು ದಾರಿಯುದ್ದಕ್ಕೂ ಉದುರಿಸಿದ ತಮ್ಮ ತೋಟಗಾರರಿಗೆ ನಮ್ಮ ಕಿತ್ತಳೆ ಮರಗಳನ್ನೂ ಒಮ್ಮೆ ತೋರಿಸುವ ಆಸೆಯಿದೆ. ಅವನು ಒಂದೇ ಸಲಕ್ಕೆ ಹಾರಿಹೋದವನೂ ಅಲ್ಲ. ಎಂಜಿನ್ ಕೆಟ್ಟು ಎರಡು ಸಲ ವಾಪಸು ಬಂದ, ಎರಡು ಸಲವೂ ಅಧಿಕಾರಿಯಿಂದ ಹೇಡಿ ಅನ್ನಿಸಿಕೊಂಡ, ನೋಡಲು ಹೋದ ಅಮ್ಮನ ಕಿವಿಯಲ್ಲಿ, "ಅಮ್ಮಾ, ಆ ಎಂಜಿನ್‌ಗೆ ಇಡೀ ಸೈನ್ಯಕ್ಕಿಂತ ಬುದ್ಧಿ ಜಾಸ್ತಿ ಕಣಮ್ಮ" ಅಂದನಂತೆ. ತಮ್ಮ ಚಿತ್ರದ ಎಂಜಿನ್ ಮಹಾ ದೇಶಭಕ್ತ, ಒಮ್ಮೆಯೂ ಕೆಮ್ಮುವುದಿಲ್ಲ. "ನನ್ನ ಸೈಕಲ್ ಇಕುಯೊ ಮುಟ್ಟಬಾರದು" ಎಂದಿದ್ದ ಅವನ ಎರಡು ಸಾಲಿನ ಕೊನೆಯ ಪತ್ರವೂ ತಮ್ಮ ಕೈಗುಣದಿಂದ ಎಂಟು ನಿಮಿಷದ ದೇಶಸೇವೆಯಾಗಿ ಬೆಳೆದಿದೆ.

ಇದೆಲ್ಲ ಹೋಗಲಿ ಬಿಡಿ, ನನ್ನ ಅಹವಾಲು ಒಂದೇ. ಒಂದಕ್ಷರವನ್ನು ಮೂರು ಬಗೆ ಓದಬಹುದಾದ ನಮ್ಮ ದೇಶದಲ್ಲಿ, ಹೆಸರು ಹೇಗೆಂದು ಮನೆಯವರನ್ನು ಕೇಳುವುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಮರ್ಯಾದೆ. ಕಿತ್ತಳೆ ಬೆಳೆಯುತ್ತಿದ್ದ ನಮ್ಮಪ್ಪ ಅಣ್ಣನ ಹೆಸರಿನ ಆ ಒಂದಕ್ಷರವನ್ನು ಮಿನೋರು ಎಂದು ಕರೆದ, ಅಂದರೆ ಫಲ ಬಿಡುವವನು. ತಾವು ಯಾರನ್ನೂ ಕೇಳದೆ ಮಕೋತೊ ಎಂದು ಓದಿದಿರಿ, ಅಂದರೆ ಸತ್ಯ. ಎರಡೂವರೆ ಗಂಟೆಯ ಚಿತ್ರದಲ್ಲಿ ಸತ್ಯ ಬಂದದ್ದು ಹೆಸರಿನಲ್ಲೊಂದೇ, ಅದೂ ತಪ್ಪಾಗಿ.

ಈಗ ಪುರಸಭೆಯವರು ಬೊನ್ ಹಬ್ಬದೊಳಗೆ ಬಂದರಿನಲ್ಲಿ ಸ್ಮಾರಕದ ಕಲ್ಲು ನಿಲ್ಲಿಸಿ, ಅಕ್ಷರದ ಪಕ್ಕದಲ್ಲಿ ಅದನ್ನು ಓದುವ ಬಗೆಯನ್ನು ಮಕೋತೊ ಎಂದೇ ಕೆತ್ತಿಸಲಿದ್ದಾರೆ. ಕೇಳಲು ಹೋದರೆ ಗುಮಾಸ್ತ, "ಅಜ್ಜಿ, ಸಿನಿಮಾದಲ್ಲೇ ಹಂಗಿದೆಯಲ್ಲಾ, ವಯಸ್ಸಾಯ್ತು ನೋಡಿ, ಮರ್ತಿರ್ತೀರಿ" ಎಂದ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಅವರಿಗೆ ಒಂದು ಸಾಲು ಬರೆಯಬೇಕು. ಅದಕ್ಕೆ ಬಿಡುವಿಲ್ಲದಿದ್ದರೆ, ಸತ್ತವರು ಮನೆಗೆ ಬರುವ ಬೊನ್ ಸಂಜೆ ತಾವೇ ದೀಪ ಹಿಡಿದು ನಮ್ಮ ಬಾಗಿಲಲ್ಲಿ ನಿಂತು, ಮಕೋತೊ ಎಂದು ಕೂಗಿ, ಬಂದವರು ಯಾರೇ ಆಗಲಿ ಅವರಿಗೆ ಉಣಬಡಿಸಿ, ತಮ್ಮ ಜೊತೆಗೇ ಕರೆದುಕೊಂಡು ಹೋಗಬೇಕು. ಅಣ್ಣನನ್ನು ಮಿನೋರು ಎಂದು ಕರೆದ ಬಾಯಿ ಈಗ ನನ್ನದೊಂದೇ ಉಳಿದಿದೆ. ಅದೂ ಮುಚ್ಚಿದ ಮೇಲೆ ಅವನು ಯಾರ ಕೂಗಿಗೆ ಓಗೊಡಬೇಕು ಎಂದು ನನಗೆ ಭಯವಾಗುತ್ತದೆ.

ತಮ್ಮ ವಿಶ್ವಾಸಿ,
ಹಮಾಸಾಕಿ ಇಕುಯೊ
ಮಿನೋರುವಿನ ತಂಗಿ

ವಿ.ಸೂ.: ಅಣ್ಣನನ್ನು ಮೂರನೆಯ ಸಲ ವಿಮಾನ ಹತ್ತಿಸಿದ ಆ ಅಧಿಕಾರಿ ಚಿತ್ರದಲ್ಲಿ ಕಣ್ತುಂಬಿಕೊಂಡು, "ನಾನೂ ನಿಮ್ಮ ಹಿಂದೇನೇ ಬರ್ತೀನಿ ಕಣ್ರಯ್ಯಾ" ಎನ್ನುತ್ತಾರೆ. ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ನಲವತ್ತೊಂದು ವರ್ಷ ಬಿಟ್ಟು, ನ್ಯುಮೋನಿಯಾ ಆಗಿ, ಮೊಮ್ಮಕ್ಕಳ ನಡುವೆ ಹಾಸಿಗೆಯಲ್ಲಿ ಹೊರಟರು. ಅವರ ಹೆಸರನ್ನು ಮಾತ್ರ ತಾವು ಸರಿಯಾಗಿ ಓದಿದ್ದೀರಿ.