ಚೌಕಾಶಿ ಮಾಡಿ ಹಾಕಿಸಿದ ಕಾಂಕ್ರೀಟ್ ಕಣ

ಚೌಕಾಶಿಯಲ್ಲಿ ನನ್ನನ್ನು ಮೀರಿಸುವವರು ದೋರನಹಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಶಹಾಪುರದ ಸಂತೆಯಲ್ಲಿ ಬದನೆಕಾಯಿ ಮಾರುವ ಹೆಣ್ಣುಮಗಳು ನನ್ನನ್ನು ದೂರದಿಂದ ಕಂಡರೆ ಸಾಕು, ಬುಟ್ಟಿಗೆ ಗೋಣಿಚೀಲ ಹೊದಿಸುತ್ತಿದ್ದಳು. ಇಂಥ ಕೀರ್ತಿವಂತನು ಒಬ್ಬ ಕಾಂಕ್ರೀಟ್ ಗುತ್ತೇದಾರನಿಗೆ ಅಂಜುವುದುಂಟೆ!

ಕಾಲುವೆ ನೀರು ಬಂದ ಮೇಲೆ ನಮ್ಮ ಹೊಲದಲ್ಲೂ ಭತ್ತ ಬೆಳೆಯತೊಡಗಿತ್ತು. ಒಣಗಿಸಲು ಮಾತ್ರ ಜಾಗವಿರಲಿಲ್ಲ. ಹಿಂದಿನ ಸಲ ಡಾಂಬರು ರಸ್ತೆಯ ಮೇಲೆ ಹರವಿದ್ದೆವು. ಅರ್ಧ ಭತ್ತ ಬಸ್ಸಿನ ಗಾಲಿಗೆ ಹೋಯಿತು. ಉಳಿದರ್ಧದಲ್ಲಿ ಹರಳು ಸೇರಿ, ನಮ್ಮ ಮನೆಯಲ್ಲಿ ಉಂಡ ಬೀಗರೊಬ್ಬರ ಹಲ್ಲು ಹೋಯಿತು.

"ಈ ಸಲ ಅಂಗಳದಾಗ ಕಾಂಕ್ರೀಟ್ ಕಣ ಆಗ್ಬೇಕ್ರಿ. ಮತ್ತ ರಸ್ತಾದ ಮ್ಯಾಗ ಹರವಾಕ ನಾ ಬರಂಗಿಲ್ಲ" ಎಂದು ನನ್ನ ಹೆಂಡತಿ ನಾಗಮ್ಮ ಖಡಾಖಂಡಿತವಾಗಿ ಹೇಳಿದಳು. ಎಮ್ಮೆ ಹಾಲು ಮಾರಿ ಕೂಡಿಟ್ಟ ರೊಕ್ಕವನ್ನು ತಂದು ನನ್ನ ಮುಂದಿಟ್ಟಳು. ಕೊಯ್ಲು ಹತ್ತಿರ ಬಂದಿತ್ತು.

ಶಹಾಪುರದಿಂದ ಗುತ್ತೇದಾರ ಹಣಮಂತಪ್ಪ ಬಂದ. ಟೇಪು ಹಿಡಿದು ಅಂಗಳ ಅಳೆದ. ರೇಟು ಹೇಳಿದ. ನನಗೆ ಬಿಕ್ಕಳಿಕೆ ಹತ್ತಿತು.

"ಭಾಳ ಆತು! ಕಮ್ಮಿ ಮಾಡ್ರಿ!"

"ಮಾಡೂಣ್ರಿ ಸಾವಕಾರ್ರ. ಉಸುಕು ನಿಮ್ಮದು ಅಂತ ಹಿಡೀಲೇನ್ರಿ?"

"ಹಿಡೀರಿ!"

ರೇಟು ಇಳಿಯಿತು. ನನಗೆ ಹುರುಪು ಬಂತು.

"ಇನ್ನೂ ಕಮ್ಮಿ ಮಾಡ್ರಿ."

"ಜಲ್ಲಿ ಕಡಿ, ಸಿಮೆಂಟು ನೀವ ತರಸ್ತೀರೇನ್ರಿ?"

"ಅದೇನು ದೊಡ್ಡ ಮಾತು!"

ಮತ್ತೆ ಇಳಿಯಿತು. ಮಿಕ್ಸರ್ ಮಷಿನ್ ಬಿಟ್ಟರೆ ಇನ್ನಷ್ಟು ಇಳಿಯುತ್ತದೆ ಎಂದ. ಬಿಟ್ಟೆ. ಗೌಂಡಿ, ಆಳುಗಳ ಪಗಾರ ಬಿಟ್ಟರೆ ಬಹಳ ಇಳಿಯುತ್ತದೆ ಎಂದ. ಅದನ್ನೂ ಬಿಟ್ಟೆ! ಕೋಟೆಯ ಮೇಲೆ ಕೋಟೆ ಗೆಲ್ಲುವ ದಂಡನಾಯಕನಂತೆ ಕಟ್ಟೆಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕುಳಿತಿದ್ದೆ.

ನಾಗಮ್ಮ ಬಾಗಿಲಿಗೆ ಬಂದಳು. "ಏನ್ರಿ, ಇಷ್ಟು ಕಮ್ಮಿ ರೊಕ್ಕಕ್ಕ ಇವರು ಏನು ಮಾಡ್ತಾರಂತ ಒಂದು ಮಾತು ಕೇಳ್ರಿ."

"ಗುತ್ತೇದಾರ್ರು ಕಾಂಕ್ರೀಟ್ ಮಾಡದ ಏನು ರೊಟ್ಟಿ ಬಡೀತಾರೇನು? ನೀ ಒಳಗ ನಡಿ!"

ಆಕೆ ಒಳಗೆ ಹೋದಳು. ನಾನು ಮುಂಗಡ ಕೊಟ್ಟೆ.

ಗೊತ್ತು ಮಾಡಿದ ದಿನ ಹಣಮಂತಪ್ಪ ಮೋಟಾರ್ ಸೈಕಲ್ ಮೇಲೆ ಒಬ್ಬನೇ ಬಂದ. ಹೊರಸಿನ ಮೇಲೆ ಕುಳಿತು ಚಹಾ ಕುಡಿದ. ನಾನು ಲಾರಿಯ ದಾರಿ ಕಾಯುತ್ತಿದ್ದೆ. ಅವನೂ ದಾರಿ ಕಾಯುತ್ತಿದ್ದ.

"ಸಾಮಾನು ಎಲ್ಲಿ ಐತ್ರಿ?" ಎಂದೆ.

"ಅದನ್ನ ನಾನೂ ನಿಮ್ಮನ್ನ ಕೇಳಾಕತ್ತಿದ್ನಿ."

"ಮತ್ತ ನೀವು ಏನು ಮಾಡ್ತೀರಿ?"

"ನಾ ನಿಂತು ಹೇಳ್ತೀನ್ರಿ. ಉಳಿದದ್ದೆಲ್ಲ ನೀವ ತೆಗದೀರಲ್ಲ!"

ಅಷ್ಟಕ್ಕೆ ಸೋಲುವ ಕುಲದವನಲ್ಲ ನಾನು. ಒಬ್ಬ ಟ್ರ್ಯಾಕ್ಟರಿನವನ ಜೊತೆ ಹಟ ಹಿಡಿದು ಅರ್ಧ ಬೆಲೆಗೆ ಉಸುಕು ತರಿಸಿದೆ. ಹಣಮಂತಪ್ಪ ಒಂದು ಹಿಡಿ ತೆಗೆದು, ನೀರು ಹಾಕಿ, ಉಂಡೆ ಕಟ್ಟಿ ತೋರಿಸಿದ. "ಸಾವಕಾರ್ರ, ಇದು ಉಸುಕಲ್ಲ, ಕಾಲುವಿ ಹೂಳು. ಇದರಾಗ ಕಣ ಆಗಂಗಿಲ್ಲ, ಗಣಪತಿ ಆಗ್ತಾನ." ಮಾತಿಗೆ ಸಾಕ್ಷಿಯಾಗಿ ರಾಶಿಯೊಳಗಿಂದ ಒಂದು ಕಪ್ಪೆ ಜಿಗಿಯಿತು!

ಪಗಾರ ಉಳಿಸಲು ಬೋನಾಳದಿಂದ ನನ್ನ ಇಬ್ಬರು ಅಳಿಯಂದಿರನ್ನು ಕರೆಸಿದೆ. ಅಳಿಯಂದಿರಿಗೆ ಜ್ವಾಳದ ರೊಟ್ಟಿ, ಚಟ್ನಿ ಇಟ್ಟರೆ ಮರ್ಯಾದೆಯೆ? ಕುರಿ ಬಂತು. ಉಂಡವರು ಬೇವಿನ ಮರದ ಕೆಳಗೆ ಮಲಗಿದರು. ಕುರಿಯ ಬೆಲೆಯಲ್ಲಿ ಒಂದು ದಂಡಿನಷ್ಟು ಆಳುಗಳು ಸಿಗುತ್ತಿದ್ದರು ಎಂದು ನಾಗಮ್ಮ ಹೇಳಿದಳು. ನಾನು ಕೇಳಿಸದವನಂತೆ ಮೋಡ ನೋಡಿದೆ. ನೋಡಬಾರದಿತ್ತು. ಸಂಜೆ ಮಳೆ ಬಂತು. ಹಾಲಿನ ರೊಕ್ಕದಲ್ಲಿ ತರಿಸಿ ಅಂಗಳದ ಬಯಲಲ್ಲೇ ಇಟ್ಟಿದ್ದ ಸಿಮೆಂಟ್ ಚೀಲಗಳೆಲ್ಲ ನೆಂದು ಬಂಡೆಗಳಾದವು.

ಹಾಲಿನ ರೊಕ್ಕ ಕರಗಿತ್ತು. ಹೊಲದಲ್ಲಿ ಭತ್ತ ಬಾಗಿ ನಿಂತಿತ್ತು. ಆ ಬಂಡೆಗಳ ಮುಂದೆ ಕುಳಿತಾಗ ನನಗೆ ನಿಜವಾಗಿಯೂ ಅಳು ಬಂತು. ನಾಗಮ್ಮ ಬೈಯಲಿಲ್ಲ. ಮರುದಿನ ಬಂದ ಹಣಮಂತಪ್ಪನಿಗೆ ಚಹಾ ಕೊಟ್ಟು, ಎದುರಿಗೆ ಕುಳಿತಳು.

"ಅಣ್ಣಾ, ಮೊದಲ ಹೇಳಿದ ರೇಟಿನಾಗ ಏನೇನು ಬರ್ತದ, ಒಂದೊಂದ ಹೇಳು."

ಅವನು ಹೇಳಿದ. ಮುರುಮು ಮಣ್ಣು ಹಾಕಿ ನೆಲ ಬಡಿಯುವುದು, ಒಳ್ಳೆ ಉಸುಕು, ಕಡಿ, ಸಿಮೆಂಟು, ಮಷಿನ್, ಆಳು, ಮಳೆ ನೀರು ಹರಿದುಹೋಗಲು ಇಳಿಜಾರು. ಆಕೆ ನಡುವೆ ಕೇಳಿದಳು: "ದಪ್ಪ ಎಷ್ಟು? ಬಿರುಕು ಬಿಟ್ರ ಯಾರು ಮಾಡಿ ಕೊಡೋರು? ಹಾಕಿದ ಮ್ಯಾಲ ನೀರು ಹೊಡೆಯೋರು ಯಾರು?"

"ನೀರು ನೀವು ಹೊಡೀರಿ ಅಕ್ಕಾ, ಅಷ್ಟು ಕಮ್ಮಿ ಮಾಡ್ತೀನಿ. ಬಿರುಕು ಬಿಟ್ರ ನಾ ಬಂದು ಮಾಡಿ ಕೊಡ್ತೀನಿ. ಉಳಿದ ರೊಕ್ಕ ಭತ್ತ ಮಾರಿದ ಮ್ಯಾಲ ಕೊಡ್ರಿ."

ನಾನು ಅಷ್ಟು ಕೂಗಾಡಿದರೂ ಸಿಗದ ರಿಯಾಯಿತಿ! ಅದೂ ಕಣದಿಂದ ಏನೂ ಕಳೆಯದೆ!

ವಾರ ತುಂಬುವುದರೊಳಗೆ ಕಣ ಆಯಿತು. ದಿನಾ ಹೊತ್ತು ಮೂಡುವ ಮುಂಚೆ ಎದ್ದು ಕೊಡಪಾನದಿಂದ ನೀರು ಹೊಡೆದದ್ದು ನಾನೇ. ಭತ್ತ ಹರವಿದ ದಿನ ಅಂಗಳ ಬಂಗಾರದ ತಗಡಿನಂತೆ ಹೊಳೆಯಿತು. ನಾಗಮ್ಮ ಬರಿಗಾಲಲ್ಲಿ ಭತ್ತ ಕೆದರುತ್ತ ಅತ್ತಿಂದಿತ್ತ ನಡೆದಾಡಿದಳು. ಮುಂದಿನ ವರ್ಷ ಮೆಣಸಿನಕಾಯಿಯನ್ನೂ ಹಾಕೋಣ ಎಂದಳು. ನನಗೆ ಎದೆ ತುಂಬಿ ಬಂತು.

ಅಷ್ಟರಲ್ಲಿ ಶಿರವಾಳದಿಂದ ನನ್ನ ಗೆಳೆಯ ಸಿದ್ದಪ್ಪ ಬಂದ. ಕಣ ನೋಡಿ ತಲೆದೂಗಿದ. "ನಾನೂ ಒಂದು ಹಾಕಸ್ಬೇಕಂತೀನಿ. ನಾಳೆ ಗುತ್ತೇದಾರ ಬರಾಂವ ಇದ್ದಾನ. ಮಾತಾಡಾಕ ನಿಮ್ಮ ಮನ್ಯಾಗಿಂದ ಒಬ್ಬರು ಬೇಕಾಗಿತ್ತು ನೋಡು."

ನಾನು ಎದ್ದು ನಿಂತು ರುಮಾಲು ಸುತ್ತತೊಡಗಿದೆ.

"ನೀ ಕೂಡು ಮಾರಾಯಾ! ನಾ ಕೇಳಾಕತ್ತಿದ್ದು ನಾಗಮ್ಮಕ್ಕನ್ನ."

ಮರುದಿನ ಆಕೆ ಶಿರವಾಳಕ್ಕೆ ಹೋದಳು. ನನ್ನನ್ನು ಭತ್ತಕ್ಕೆ ಬಾಯಿ ಹಾಕುವ ಕೋಳಿಗಳನ್ನು ಓಡಿಸುವ ಹುದ್ದೆಗೆ ನೇಮಿಸಿ ಹೋದಳು. ಜವಾಬ್ದಾರಿಯ ಕೆಲಸವೇ. ಆದರೆ ಆ ಕೋಳಿಗಳೂ ನನ್ನ ಮಾತು ಕೇಳಲಿಲ್ಲ!